ಜಲಜನಕದ ಬೀಗ ತೆರೆದ ಮಾರ್ಜರಿ ಸ್ಟೀಫನ್‌ಸನ್

ನಿಮ್ಮೂರಿನ ಕೆರೆಯ ಅಂಚಿನ ಕೆಸರಿಗೆ ಎಂದಾದರೂ ಒಂದು ಕೋಲು ಚುಚ್ಚಿ ನೋಡಿದ್ದೀರಾ? ಚುಚ್ಚಿದ ಕೂಡಲೇ ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ. ಜೊತೆಗೆ ಮೂಗು ಮುಚ್ಚಿಕೊಳ್ಳುವಂಥ ವಾಸನೆಯೂ ಬರುತ್ತದೆ. ನಾವು ಮುಖ ಸಿಂಡರಿಸಿ ಅಲ್ಲಿಂದ ಓಡಿಬಿಡುತ್ತೇವೆ. ಆದರೆ ಸ್ವಲ್ಪ ನಿಂತು ಯೋಚಿಸಿ. ಆ ಗುಳ್ಳೆಗಳಲ್ಲಿ ಇರುವುದು ಏನು? ಕೆಸರಿನ ಅಡಿಯಲ್ಲಿ ಕುಳಿತು ಅವನ್ನು ತಯಾರಿಸುತ್ತಿರುವವರು ಯಾರು?

ಇಂಥದೇ ಪ್ರಶ್ನೆಯನ್ನು ಬೆನ್ನುಹತ್ತಿದ ಒಬ್ಬ ಮಹಿಳೆಯ ಕಥೆ ಇದು. ಆಕೆಯ ಹೆಸರು ಮಾರ್ಜರಿ ಸ್ಟೀಫನ್‌ಸನ್. ಕೆಲವು ಬ್ಯಾಕ್ಟೀರಿಯಗಳ ಬಳಿ ಜಲಜನಕ ಅನಿಲವನ್ನು ಹಿಡಿಯುವ, ಬಿಡಿಸುವ ಒಂದು ವಿಶೇಷ ಸಾಧನವಿದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಅವರು. ಇಂದು ಕಾರ್ಖಾನೆಗಳ ಹೊಗೆಯಲ್ಲಿ ವ್ಯರ್ಥವಾಗುವ ಅನಿಲದಿಂದ ಬ್ಯಾಕ್ಟೀರಿಯಗಳ ಮೂಲಕ ಇಂಧನ ಪಡೆಯಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಆ ದಾರಿಯ ಮೊದಲ ಹೆಜ್ಜೆಗಳಲ್ಲಿ ಮಾರ್ಜರಿಯವರದೂ ಒಂದು.

ಹಳ್ಳಿಯ ಹುಡುಗಿ

ಮಾರ್ಜರಿ ಹುಟ್ಟಿದ್ದು 1885ರ ಜನವರಿ 24ರಂದು, ಇಂಗ್ಲೆಂಡಿನ ಕೇಂಬ್ರಿಜ್ ನಗರಕ್ಕೆ ಹತ್ತಿರದ ಬರ್ವೆಲ್ ಎಂಬ ಹಳ್ಳಿಯಲ್ಲಿ. ತಂದೆ ರಾಬರ್ಟ್ ಸ್ಟೀಫನ್‌ಸನ್ ರೈತರು, ಕುದುರೆಗಳನ್ನು ಸಾಕುತ್ತಿದ್ದವರು. ಬೇಸಾಯದಲ್ಲಿ ಹೊಸ ವಿಜ್ಞಾನವನ್ನು ಬಳಸಬೇಕೆಂಬ ಆಸಕ್ತಿ ಅವರಿಗಿತ್ತು. ಮಕ್ಕಳಲ್ಲಿ ಮಾರ್ಜರಿಯೇ ಕೊನೆಯವಳು. ಮನೆಗೆ ಬಂದು ಪಾಠ ಹೇಳುತ್ತಿದ್ದ ಶಿಕ್ಷಕಿಯಿಂದ ಅವಳಿಗೆ ವಿಜ್ಞಾನದ ರುಚಿ ಹತ್ತಿತು. ಮುಂದೆ ವಿದ್ಯಾರ್ಥಿವೇತನ ಪಡೆದು ಬರ್ಕ್‌ಹ್ಯಾಮ್‌ಸ್ಟೆಡ್ ಎಂಬ ಊರಿನ ಬಾಲಕಿಯರ ಶಾಲೆಗೆ ಸೇರಿದಳು.

1903ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿಗೆ ಬಂದಳು. ರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ಅವಳು ಆರಿಸಿಕೊಂಡ ವಿಷಯಗಳು. ಇಲ್ಲೊಂದು ಸಂಗತಿಯನ್ನು ನೀವು ಗಮನಿಸಬೇಕು. ಆ ಕಾಲದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅವರು ತಮ್ಮ ಕಾಲೇಜಿನ ಪುಟ್ಟ ಪ್ರಯೋಗಾಲಯದಲ್ಲೇ ಪ್ರಯೋಗ ಮಾಡಬೇಕಿತ್ತು. ಹುಡುಗರು ಬರೆಯುವ ಪರೀಕ್ಷೆಯನ್ನೇ ಹುಡುಗಿಯರೂ ಬರೆಯಬಹುದಿತ್ತು, ಪಾಸಾಗಬಹುದಿತ್ತು. ಆದರೆ ಪದವಿ ಮಾತ್ರ ಸಿಗುತ್ತಿರಲಿಲ್ಲ!

1906ರಲ್ಲಿ ಓದು ಮುಗಿಯಿತು. ವೈದ್ಯೆಯಾಗಬೇಕೆಂಬುದು ಮಾರ್ಜರಿಯ ಆಸೆ. ಅದಕ್ಕೆ ಬೇಕಾದಷ್ಟು ಹಣವಿರಲಿಲ್ಲ. ಹೀಗಾಗಿ ಶಿಕ್ಷಕಿಯಾಗಿ ಗೃಹವಿಜ್ಞಾನ ಕಲಿಸತೊಡಗಿದರು. ಐದು ವರ್ಷ ಹೀಗೆಯೇ ಕಳೆಯಿತು. ಇನ್ನು ಸಂಶೋಧನೆಯ ಬಾಗಿಲು ಮುಚ್ಚಿಹೋಯಿತು ಎಂದು ಯಾರಾದರೂ ತಿಳಿಯಬಹುದಿತ್ತು. ಆದರೆ 1911ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಾಬರ್ಟ್ ಪ್ಲಿಮ್ಮರ್ ಎಂಬ ವಿಜ್ಞಾನಿ ತಮ್ಮ ಪ್ರಯೋಗಾಲಯಕ್ಕೆ ಅವರನ್ನು ಕರೆದರು. ಅಲ್ಲಿ ಕೊಬ್ಬು ಮತ್ತು ಮಧುಮೇಹವನ್ನು ಕುರಿತು ಕೆಲಸ ಮಾಡಿದರು. 1913ರಲ್ಲಿ ಸಂಶೋಧನಾ ವೇತನವೂ ದೊರೆಯಿತು.

ಅಷ್ಟರಲ್ಲಿ, 1914ರಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾಯಿತು. ಮಾರ್ಜರಿ ಪ್ರಯೋಗಾಲಯ ಬಿಟ್ಟು ರೆಡ್‌ಕ್ರಾಸ್ ಸೇರಿದರು. ಫ್ರಾನ್ಸಿನಲ್ಲಿ ಗಾಯಾಳುಗಳ ಆಸ್ಪತ್ರೆಯ ಅಡುಗೆಮನೆಗಳ ಹೊಣೆ ಹೊತ್ತರು. ಆಮೇಲೆ ಗ್ರೀಸ್ ದೇಶದ ಸಲೋನಿಕಾದಲ್ಲಿ ಸೇವೆ ಮಾಡಿದರು. ಸರ್ಕಾರ ಅವರಿಗೆ ಗೌರವ ಪದಕಗಳನ್ನು ನೀಡಿತು. ಯುದ್ಧದ ನೋವನ್ನು ಕಣ್ಣಾರೆ ಕಂಡ ಅವರು ಮುಂದೆ ಯುದ್ಧವನ್ನು ವಿರೋಧಿಸುವವರಾದರು.

ಬ್ಯಾಕ್ಟೀರಿಯ ಹೇಗೆ ಬದುಕುತ್ತದೆ?

1919ರಲ್ಲಿ ಮಾರ್ಜರಿ ಕೇಂಬ್ರಿಜ್‌ಗೆ ಮರಳಿದಾಗ ಅವರ ವಯಸ್ಸು 34. ಅಲ್ಲಿ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ಫ್ರೆಡರಿಕ್ ಗೌಲ್ಯಾಂಡ್ ಹಾಪ್‌ಕಿನ್ಸ್. ವಿಟಮಿನ್‌ಗಳ ಬಗೆಗಿನ ಕೆಲಸಕ್ಕಾಗಿ ಮುಂದೆ 1929ರಲ್ಲಿ ನೊಬೆಲ್ ಬಹುಮಾನ ಪಡೆದವರು ಇವರೇ. ಹೆಣ್ಣು, ಗಂಡು ಎಂಬ ಭೇದವಿಲ್ಲದೆ ಅವರು ಸಂಶೋಧಕರನ್ನು ಸೇರಿಸಿಕೊಳ್ಳುತ್ತಿದ್ದರು. ಮಾರ್ಜರಿ ಮೊದಲು ವಿಟಮಿನ್‌ಗಳ ಮೇಲೆ ಕೆಲಸ ಮಾಡಿ, ನಂತರ ಬ್ಯಾಕ್ಟೀರಿಯಗಳತ್ತ ತಿರುಗಿದರು.

ಆ ಕಾಲಕ್ಕೆ ಬ್ಯಾಕ್ಟೀರಿಯ ಎಂದೊಡನೆ ಬಹಳ ಮಂದಿಗೆ ನೆನಪಾಗುತ್ತಿದ್ದುದು ರೋಗ. ಯಾವ ಬ್ಯಾಕ್ಟೀರಿಯ ಯಾವ ಕಾಯಿಲೆ ತರುತ್ತದೆ, ಅದನ್ನು ಕೊಲ್ಲುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ಮಾರ್ಜರಿ ಬೇರೆಯದೇ ಪ್ರಶ್ನೆ ಕೇಳಿದರು. ಅದು ಏನನ್ನು ತಿನ್ನುತ್ತದೆ? ತಿಂದದ್ದನ್ನು ಏನಾಗಿ ಬದಲಾಯಿಸುತ್ತದೆ? ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ರೋಗದ ಮಾತು ಬಿಟ್ಟು, ಬ್ಯಾಕ್ಟೀರಿಯವನ್ನು ಹಸು, ಮಾವಿನ ಮರಗಳ ಹಾಗೆ ಒಂದು ಜೀವಿಯೆಂದು ನೋಡಿ ಕೇಳಿದ ಪ್ರಶ್ನೆಗಳಿವು.

ಇದಕ್ಕಾಗಿ ಅವರೂ ಅವರ ಸಂಗಡಿಗರೂ ಒಂದು ಸರಳ ಉಪಾಯವನ್ನು ರೂಢಿಗೆ ತಂದರು. ಬ್ಯಾಕ್ಟೀರಿಯಗಳನ್ನು ಬೆಳೆಸಿದ ಸಾರಿನಲ್ಲಿ ನೂರಾರು ವಸ್ತುಗಳು ಬೆರೆತಿರುತ್ತವೆ. ಅದರಲ್ಲಿ ಯಾವುದು ಏನಾಯಿತು ಎಂದು ಹೇಳುವುದು ಕಷ್ಟ. ಆದ್ದರಿಂದ ಅಮ್ಮ ಅಕ್ಕಿಯನ್ನು ಎರಡು ಮೂರು ನೀರಿನಲ್ಲಿ ತೊಳೆಯುವ ಹಾಗೆ, ಬ್ಯಾಕ್ಟೀರಿಯಗಳನ್ನು ಸಾರಿನಿಂದ ಬೇರ್ಪಡಿಸಿ ಚೆನ್ನಾಗಿ ತೊಳೆದರು. ಹೀಗೆ ತೊಳೆದ ಬ್ಯಾಕ್ಟೀರಿಯಗಳಿಗೆ ಒಂದೇ ಒಂದು ವಸ್ತುವನ್ನು ಕೊಟ್ಟು, ಅದು ಏನಾಗಿ ಬದಲಾಗುತ್ತದೆ ಎಂದು ಅಳೆದರು. ಕೆಲಸ ಎಷ್ಟು ಅಚ್ಚುಕಟ್ಟು ನೋಡಿ!

ಜೀವಕೋಶದೊಳಗಿನ ಬದಲಾವಣೆಗಳನ್ನು ನಡೆಸುವವು ಕಿಣ್ವಗಳು. ನಮ್ಮ ಜೊಲ್ಲಿನಲ್ಲೂ ಕಿಣ್ವವಿದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಅದರಿಂದಲೇ. 1928ರಲ್ಲಿ ಮಾರ್ಜರಿ ಬ್ಯಾಕ್ಟೀರಿಯದ ಕೋಶದಿಂದ ಒಂದು ಕಿಣ್ವವನ್ನು ಹೊರತೆಗೆದು, ಕೋಶವಿಲ್ಲದೆಯೂ ಅದು ಕೆಲಸ ಮಾಡುತ್ತದೆ ಎಂದು ತೋರಿಸಿದರು. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲದ ಮೇಲೆ ಕೆಲಸ ಮಾಡುವ ಕಿಣ್ವ ಅದು. ಕಣ್ಣಿಗೆ ಕಾಣದ ಜೀವಿಯ ಹೊಟ್ಟೆಯೊಳಗಿನ ಸಲಕರಣೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟು ಪರೀಕ್ಷಿಸಿದಂತೆ ಇದು.

ಇಷ್ಟೆಲ್ಲ ಮಾಡುತ್ತಿದ್ದ ಅವರಿಗೆ ಕಾಯಂ ಕೆಲಸ ಇರಲಿಲ್ಲ ಎಂದರೆ ನಂಬುತ್ತೀರಾ? ಹತ್ತು ವರ್ಷ ಕಾಲ ಅವರಿಗೆ ಹಣ ಬರುತ್ತಿದ್ದುದು ವರ್ಷದಿಂದ ವರ್ಷಕ್ಕೆ. ಮುಂದಿನ ವರ್ಷ ಸಂಶೋಧನೆ ಮುಂದುವರಿಯುವುದೋ ನಿಲ್ಲುವುದೋ ಎಂಬ ಖಾತ್ರಿಯಿಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅವರಿಗೆ ಕಾಯಂ ಹುದ್ದೆ ಕೊಟ್ಟದ್ದು 1929ರಲ್ಲಿ. ಆಗ ಅವರಿಗೆ 44 ವರ್ಷ. ಮರುವರ್ಷವೇ, 1930ರಲ್ಲಿ, ಬ್ಯಾಕ್ಟೀರಿಯಗಳ ಜೀವನಕ್ರಿಯೆಯನ್ನು ಕುರಿತ ಅವರ ಪುಸ್ತಕ ಹೊರಬಂತು. ಬಹುಕಾಲ ವಿದ್ಯಾರ್ಥಿಗಳು ಅದನ್ನು ಓದಿಯೇ ಈ ವಿಷಯವನ್ನು ಕಲಿತರು.

ನೀಲಿ ಮಾಯವಾಯಿತು!

ಈಗ ಕೆಸರಿನ ಕಥೆಗೆ ಬರೋಣ. ಕೇಂಬ್ರಿಜ್‌ನ ಉತ್ತರಕ್ಕೆ ಊಸ್ ಎಂಬ ನದಿ ಹರಿಯುತ್ತದೆ. ಅಲ್ಲಿ ಕಬ್ಬು ಬೆಳೆಯುವುದಿಲ್ಲ. ಬೀಟ್‌ರೂಟ್‌ನ ಜಾತಿಗೇ ಸೇರಿದ ಒಂದು ಗಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆ. ಅಂಥ ಸಕ್ಕರೆ ಕಾರ್ಖಾನೆಯ ಕೊಳಚೆ ನದಿಗೆ ಸೇರಿ ನೀರು ಕೆಟ್ಟಿತ್ತು. ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಗಳು ತುಂಬಿಕೊಂಡು ಆ ಕೊಳಚೆಯನ್ನು ಅನಿಲಗಳನ್ನಾಗಿ ಮಾಡುತ್ತಿದ್ದವು. ಮಾರ್ಜರಿ ಮತ್ತು ಅವರ ಸಹೋದ್ಯೋಗಿ ಲಿಯೊನಾರ್ಡ್ ಸ್ಟಿಕ್‌ಲ್ಯಾಂಡ್ ಆ ಕೆಸರಿನ ಬ್ಯಾಕ್ಟೀರಿಯಗಳನ್ನು ಪ್ರಯೋಗಾಲಯಕ್ಕೆ ತಂದರು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯವನ್ನೂ ಪರೀಕ್ಷೆಗೆ ತೆಗೆದುಕೊಂಡರು.

ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವೊಂದಿದೆ. ಇದಕ್ಕೊಂದು ವಿಶೇಷ ಗುಣ. ಜಲಜನಕ ಇದರೊಡನೆ ಸೇರಿಕೊಂಡರೆ ನೀಲಿ ಅಳಿಸಿಹೋಗಿ ದ್ರಾವಣ ಬಣ್ಣವಿಲ್ಲದಂತಾಗುತ್ತದೆ. ಆದರೆ ಜಲಜನಕ ಅನಿಲವನ್ನು ಸುಮ್ಮನೆ ಈ ನೀಲಿಯ ಮೇಲೆ ತುಂಬಿಟ್ಟರೆ ಏನೂ ಆಗುವುದಿಲ್ಲ. ಏಕೆಂದರೆ ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಅದೊಂದು ಬೀಗ ಹಾಕಿದ ಪೆಟ್ಟಿಗೆಯಿದ್ದಂತೆ.

ಈಗ ಅದಕ್ಕೆ ತೊಳೆದ ಬ್ಯಾಕ್ಟೀರಿಯಗಳನ್ನು ಸೇರಿಸಿದರು. ನೀಲಿ ತೆಳುವಾಗುತ್ತಾ ಬಂದು ಮಾಯವಾಯಿತು! ಹಾಗಾದರೆ ಬ್ಯಾಕ್ಟೀರಿಯದೊಳಗೆ ಜಲಜನಕದ ಬೀಗವನ್ನು ತೆರೆಯುವ ಕೀಲಿ ಇರಲೇಬೇಕು. ಅದೊಂದು ಹೊಸ ಕಿಣ್ವ. 1931ರಲ್ಲಿ ಅದಕ್ಕೆ ಅವರಿಟ್ಟ ಹೆಸರು ಹೈಡ್ರೋಜಿನೇಸ್.

ಕೀಲಿ ಬೀಗವನ್ನು ತೆರೆಯುತ್ತದೆ, ಹಾಕುತ್ತದೆ ಕೂಡ. ಹೈಡ್ರೋಜಿನೇಸ್ ಕೂಡ ಹಾಗೆಯೇ. ಜಲಜನಕ ಅನಿಲವನ್ನು ಬಿಡಿಸಿ ಅದರ ಇಲೆಕ್ಟ್ರಾನುಗಳನ್ನು ಬ್ಯಾಕ್ಟೀರಿಯದ ಉಪಯೋಗಕ್ಕೆ ಕೊಡಬಲ್ಲದು. ಬ್ಯಾಕ್ಟೀರಿಯದ ಬಳಿ ಇಲೆಕ್ಟ್ರಾನುಗಳು ಹೆಚ್ಚಾದಾಗ ಅವನ್ನು ಸೇರಿಸಿ ಜಲಜನಕ ಅನಿಲವನ್ನು ಮಾಡಿ ಹೊರಕ್ಕೆ ಬಿಡಲೂ ಬಲ್ಲದು.

1932ರಲ್ಲಿ ಇವರಿಬ್ಬರೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇರುವೆ ಕಚ್ಚಿದಾಗ ಉರಿಯುವುದು ಏಕೆ ಗೊತ್ತೇ? ಫಾರ್ಮಿಕ್ ಆಮ್ಲದಿಂದ. ನಮ್ಮ ಮಲೆನಾಡಿನಲ್ಲಿ ಚಟ್ನಿ ಮಾಡುವ ಚಗಳಿ ಇರುವೆಯ ಹುಳಿಯೂ ಅದರದೇ. ಇ. ಕೋಲಿ ಬ್ಯಾಕ್ಟೀರಿಯ ಈ ಫಾರ್ಮಿಕ್ ಆಮ್ಲವನ್ನು ಒಡೆದು ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ಗಳನ್ನಾಗಿ ಮಾಡುತ್ತದೆ ಎಂದು ತೋರಿಸಿದರು. 1933ರಲ್ಲಿ, ಕೆಸರಿನ ಕೆಲವು ಸೂಕ್ಷ್ಮಜೀವಿಗಳು ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ಗಳನ್ನು ಸೇರಿಸಿ ಮೀಥೇನ್ ಅನಿಲ ಮಾಡುವುದನ್ನು ವಿವರಿಸಿದರು. ಊರಿನ ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಮೀಥೇನ್. ಅದರಲ್ಲಿ ಒಂದು ಪಾಲು ತಯಾರಾಗುವುದು ಇದೇ ರೀತಿಯಲ್ಲಿ.

ಎರಡು ಊರು, ಒಂದೇ ಬಾಗಿಲು

ಮಕ್ಕಳೇ, ಇಲ್ಲಿ ನಮ್ಮ ಬೆಂಗಳೂರಿನ ಒಂದು ಸಂಗತಿ ನೆನಪಾಗುತ್ತದೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಅರ್ಜಿ ಹಾಕಿದರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಮೊದಲು ಪ್ರವೇಶ ನಿರಾಕರಿಸಲಾಯಿತು. ಕಮಲಾ ಹಿಂಜರಿಯಲಿಲ್ಲ. ಕೊನೆಗೆ, ಮೊದಲ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಅವರನ್ನು ಸೇರಿಸಿಕೊಂಡರು. ಅವರ ಕೆಲಸ ಕಂಡು ರಾಮನ್ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ನಂತರ ಕಮಲಾ ಕೇಂಬ್ರಿಜ್‌ಗೆ ಹೋಗಿ, ಹಾಪ್‌ಕಿನ್ಸ್ ಅವರ ಅದೇ ವಿಭಾಗದಲ್ಲಿ ಸಂಶೋಧನೆ ನಡೆಸಿ 1939ರಲ್ಲಿ ಡಾಕ್ಟರೇಟ್ ಪಡೆದರು. ಮದುವೆಯ ನಂತರ ಕಮಲಾ ಸೊಹೋನಿ ಎಂದು ಹೆಸರಾದವರು ಇವರೇ. ಬೆಂಗಳೂರಾಗಲಿ, ಕೇಂಬ್ರಿಜ್ ಆಗಲಿ, ಹೆಣ್ಣುಮಕ್ಕಳು ತಟ್ಟಬೇಕಾಗಿದ್ದ ಬಾಗಿಲು ಒಂದೇ ಬಗೆಯದಾಗಿತ್ತು.

ಮಾರ್ಜರಿಯವರ ಮುಂದೆ ಅಂಥ ಇನ್ನೊಂದು ಬಾಗಿಲಿತ್ತು. ಲಂಡನ್ನಿನ ರಾಯಲ್ ಸೊಸೈಟಿ 1660ರಲ್ಲಿ ಆರಂಭವಾದ ವಿಜ್ಞಾನಿಗಳ ಸಂಘ. ಅದರ ಫೆಲೋ ಆಗುವುದು ದೊಡ್ಡ ಗೌರವ. 1902ರಲ್ಲಿ ಹರ್ಥಾ ಏರ್ಟನ್ ಎಂಬ ವಿಜ್ಞಾನಿಯ ಹೆಸರು ಸೂಚಿತವಾದಾಗ, ವಿವಾಹಿತ ಮಹಿಳೆಯನ್ನು ಆರಿಸಲು ನಿಯಮವಿಲ್ಲ ಎಂದು ಕೈಬಿಡಲಾಗಿತ್ತು. ಕೊನೆಗೂ 1945ರಲ್ಲಿ ಇಬ್ಬರು ಮಹಿಳೆಯರು ಮೊದಲ ಬಾರಿಗೆ ಆಯ್ಕೆಯಾದರು. ಒಬ್ಬರು ಹರಳುಗಳ ರಚನೆಯನ್ನು ಅಭ್ಯಾಸ ಮಾಡಿದ ಕ್ಯಾಥ್ಲೀನ್ ಲಾನ್ಸ್‌ಡೇಲ್. ಇನ್ನೊಬ್ಬರು ನಮ್ಮ ಮಾರ್ಜರಿ ಸ್ಟೀಫನ್‌ಸನ್. 285 ವರ್ಷಗಳ ನಂತರ ತೆರೆದ ಬಾಗಿಲು ಅದು!

1945ರಲ್ಲೇ ಬ್ರಿಟನ್ನಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಗಳ ಸಂಘವೊಂದು ಆರಂಭವಾಯಿತು. ಅದರ ಮೊದಲ ಅಧ್ಯಕ್ಷರು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. ಎರಡನೆಯ ಅಧ್ಯಕ್ಷರು ಮಾರ್ಜರಿ. 1947ರಲ್ಲಿ ಕೇಂಬ್ರಿಜ್ ಅವರನ್ನು ರೀಡರ್ ಹುದ್ದೆಗೆ ನೇಮಿಸಿತು. ಮರುವರ್ಷ, 1948ರಲ್ಲಿ, ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗೆ ಸಮನಾದ ಪದವಿ ಕೊಡಲು ಆರಂಭಿಸಿತು. ಮಾರ್ಜರಿ ಅಲ್ಲಿಗೆ ವಿದ್ಯಾರ್ಥಿನಿಯಾಗಿ ಬಂದು 45 ವರ್ಷಗಳಾಗಿದ್ದವು. ಅದೇ ವರ್ಷದ ಡಿಸೆಂಬರ್ 12ರಂದು ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಅವರ ಪುಸ್ತಕದ ಮೂರನೆಯ ಆವೃತ್ತಿ ಹೊರಬಂದದ್ದು ಅವರ ನಂತರ, 1949ರಲ್ಲಿ.

ಹೊಗೆಯಿಂದ ಇಂಧನ

ಸರಿ, ಈ ಕಿಣ್ವದಿಂದ ನಮಗೇನು ಉಪಯೋಗ ಎಂದು ನೀವು ಕೇಳಬಹುದು. ಜಲಜನಕ ಎಂಬ ಹೆಸರಿನಲ್ಲೇ ಉತ್ತರದ ಅರ್ಧ ಭಾಗ ಇದೆ. ಜಲವನ್ನು ಹುಟ್ಟಿಸುವುದೇ ಜಲಜನಕ. ಅದು ಉರಿದಾಗ ನೀರು ಉಂಟಾಗುತ್ತದೆ. ಇಂಗಾಲದ ಡೈಆಕ್ಸೈಡ್ ಬರುವುದಿಲ್ಲ. ಒಂದು ಕಿಲೋಗ್ರಾಂ ಜಲಜನಕ ಕೊಡುವ ಶಾಖ ಒಂದು ಕಿಲೋಗ್ರಾಂ ಪೆಟ್ರೋಲ್ ಕೊಡುವುದಕ್ಕಿಂತ ಸುಮಾರು ಎರಡೂವರೆ ಪಟ್ಟಿಗೂ ಹೆಚ್ಚು. ಆದರೆ ಇಂದು ಜಗತ್ತಿನಲ್ಲಿ ಬಹುಪಾಲು ಜಲಜನಕವನ್ನು ತಯಾರಿಸುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಹಾಗೆ ತಯಾರಿಸುವಾಗ ಇಂಗಾಲದ ಡೈಆಕ್ಸೈಡ್ ಬಹಳವಾಗಿ ಹೊರಬರುತ್ತದೆ. ಹಾಗಾದರೆ ಲಾಭವೇನಾಯಿತು?

ಬೇರೆ ದಾರಿ ಇದೆಯೇ? ಉಕ್ಕಿನ ಕಾರ್ಖಾನೆಯ ಊದುಕುಲುಮೆಯಿಂದ ಹೊರಬರುವ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ. ಭತ್ತದ ಹೊಟ್ಟು, ತೆಂಗಿನ ಚಿಪ್ಪುಗಳನ್ನು ಸಾಕಷ್ಟು ಗಾಳಿಯಿಲ್ಲದೆ ಸುಟ್ಟಾಗಲೂ ಅದು ಬರುತ್ತದೆ. ಇದು ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಒಲೆ ಇಟ್ಟು ಮಲಗಬಾರದು ಎನ್ನುವುದು ಇದೇ ಕಾರಣಕ್ಕೆ. ನೆನಪಿಟ್ಟುಕೊಳ್ಳಿ, ಮನೆಯಲ್ಲೂ ಹೇಳಿ.

ನಮಗೆ ವಿಷವಾದದ್ದು ಕೆಲವು ಬ್ಯಾಕ್ಟೀರಿಯಗಳಿಗೆ ಊಟ! 1976ರಲ್ಲಿ ಅಮೆರಿಕದಲ್ಲಿ, ಕತ್ತಲಲ್ಲಿ, ಆಮ್ಲಜನಕವಿಲ್ಲದೆ, ಇಂಗಾಲದ ಮಾನಾಕ್ಸೈಡ್ ಒಂದನ್ನೇ ಉಂಡು ಬೆಳೆಯುವ ಬ್ಯಾಕ್ಟೀರಿಯದ ವಿವರ ಪ್ರಕಟವಾಯಿತು. 1991ರಲ್ಲಿ ರಷ್ಯಾದ ವಿಜ್ಞಾನಿಗಳು ಕುನಾಶಿರ್ ದ್ವೀಪದ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಇನ್ನೊಂದನ್ನು ವಿವರಿಸಿದರು. ಅದು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆರಾಮವಾಗಿ ಬೆಳೆಯುತ್ತದೆ. ಇವು ಇಂಗಾಲದ ಮಾನಾಕ್ಸೈಡ್ ಮತ್ತು ನೀರನ್ನು ತೆಗೆದುಕೊಂಡು ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ಗಳನ್ನು ಹೊರಬಿಡುತ್ತವೆ. ಒಂದು ಕಿಣ್ವ ಇಂಗಾಲದ ಮಾನಾಕ್ಸೈಡ್‌ನಿಂದ ಇಲೆಕ್ಟ್ರಾನುಗಳನ್ನು ಪಡೆಯುತ್ತದೆ. ಅವನ್ನು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವಂತೆ ಮುಂದಕ್ಕೆ ದಾಟಿಸುತ್ತದೆ. ಕೊನೆಯಲ್ಲಿ ಅವನ್ನು ಹಿಡಿದು ಜಲಜನಕ ಮಾಡುವುದು ಯಾರು ಹೇಳಿ? ಮಾರ್ಜರಿ ಹೆಸರಿಟ್ಟ ಹೈಡ್ರೋಜಿನೇಸ್!

ಇಲ್ಲೂ ಇಂಗಾಲದ ಡೈಆಕ್ಸೈಡ್ ಬಂತಲ್ಲ ಎಂದು ನೀವು ಗಮನಿಸಿದ್ದರೆ, ಶಭಾಷ್! ಆದರೆ ಆ ಮಾನಾಕ್ಸೈಡನ್ನು ಸುಟ್ಟಿದ್ದರೂ ಡೈಆಕ್ಸೈಡ್ ಅಷ್ಟೇ ಬರುತ್ತಿತ್ತು. ಇಲ್ಲಿ ಹೊಸದಾಗಿ ಕಲ್ಲಿದ್ದಲು ಸುಡದೆ ಜಲಜನಕ ದೊರೆಯುತ್ತದೆ. ಇದೇ ಬದಲಾವಣೆಯನ್ನು ಕಾರ್ಖಾನೆಗಳು ಲೋಹದ ವೇಗವರ್ಧಕಗಳನ್ನು ಬಳಸಿ, 200 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ ನಡೆಸುತ್ತವೆ. ಬ್ಯಾಕ್ಟೀರಿಯಗಳಿಗೆ ಅಷ್ಟು ಬಿಸಿ ಬೇಡ.

ತೊಡಕುಗಳೂ ಇವೆ. ಇಂಗಾಲದ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ನೀರಿನಲ್ಲಿರುವ ಬ್ಯಾಕ್ಟೀರಿಯಕ್ಕೆ ಊಟ ನಿಧಾನವಾಗಿ ತಲುಪುತ್ತದೆ. ಆಮ್ಲಜನಕ ಸೋಕಿದರೆ ಹಲವು ಬಗೆಯ ಹೈಡ್ರೋಜಿನೇಸ್‌ಗಳು ಕೆಟ್ಟುಹೋಗುತ್ತವೆ. ಹೀಗಾಗಿ ಈ ವಿಧಾನ ಇನ್ನೂ ಹೆಚ್ಚಾಗಿ ಪ್ರಯೋಗಾಲಯಗಳಲ್ಲೇ ಇದೆ. ಅದನ್ನು ಅಲ್ಲಿಂದ ಹೊರತರುವವರು ನಿಮ್ಮ ತರಗತಿಯಲ್ಲೇ ಕುಳಿತಿರಬಹುದು. ವೈದ್ಯೆಯಾಗಲು ಹಣವಿಲ್ಲದೆ ಮೇಷ್ಟರಾದ, ಕೊಳಚೆ ಕೆಸರನ್ನು ಕಂಡು ಮೂಗು ಮುಚ್ಚಿಕೊಳ್ಳದೆ ಪ್ರಶ್ನೆ ಕೇಳಿದ ಒಬ್ಬರ ಕಥೆಯನ್ನು ನೀವು ಈಗಷ್ಟೇ ಓದಿದ್ದೀರಿ.

ಮಾಡಿ ನೋಡಿ

ಬೇಕಾದ ಸಾಮಗ್ರಿ: ಒಂದು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ, ಕೆರೆಯ ಕೆಸರು, ಕೆರೆಯ ನೀರು, ಒಣಗಿದ ಎಲೆ, ಒಂದು ಬಲೂನು.

ಶಿಕ್ಷಕರ ಜೊತೆ ಹೋಗಿ ಕೆರೆಯ ಅಂಚಿನ ಕೆಸರು ತನ್ನಿ. ಅರ್ಧ ಬಾಟಲಿಗೆ ಕೆಸರು ಮತ್ತು ಪುಡಿಮಾಡಿದ ಎಲೆ ತುಂಬಿ. ಕುತ್ತಿಗೆಯಿಂದ ನಾಲ್ಕು ಬೆರಳು ಕೆಳಗಿನವರೆಗೆ ನೀರು ಹಾಕಿ. ಬಾಯಿಗೆ ಬಲೂನು ಸಿಕ್ಕಿಸಿ, ದಾರದಿಂದ ಬಿಗಿದು, ಬೆಚ್ಚಗಿನ ನೆರಳಿನಲ್ಲಿ ಇಡಿ. ಎರಡು ಮೂರು ವಾರ ದಿನವೂ ನೋಡಿ, ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಡಿ. ಗುಳ್ಳೆಗಳು ಯಾವ ದಿನ ಕಂಡವು? ಬಲೂನು ಉಬ್ಬಿತೇ? ಇನ್ನೊಂದು ಬಾಟಲಿಗೆ ಎಲೆ ಹಾಕದೆ ಬರೀ ಕೆಸರು ತುಂಬಿ ಹೋಲಿಸಿ.

ಎಚ್ಚರಿಕೆ: ಬಾಟಲಿಯ ಬಳಿ ಬೆಂಕಿ ತರಬೇಡಿ. ಒಳಗಿರುವ ಅನಿಲ ಹೊತ್ತಿಕೊಳ್ಳಬಹುದು. ಅದನ್ನು ಮೂಸಿ ನೋಡಬೇಡಿ. ಕೊನೆಯಲ್ಲಿ ಬಯಲಿನಲ್ಲಿ ಬಲೂನು ಬಿಚ್ಚಿ, ಕೆಸರನ್ನು ಗಿಡದ ಬುಡಕ್ಕೆ ಹಾಕಿ, ಸೋಪಿನಿಂದ ಕೈ ತೊಳೆಯಿರಿ.

ಯೋಚಿಸಿ ಉತ್ತರಿಸಿ

1. ಬ್ಯಾಕ್ಟೀರಿಯಗಳನ್ನು ತೊಳೆದು ಪ್ರಯೋಗಕ್ಕೆ ಬಳಸಿದ್ದು ಏಕೆ?
2. ಬ್ಯಾಕ್ಟೀರಿಯ ಹಾಕದ ಬಾಟಲಿಯಲ್ಲಿ ನೀಲಿ ಬಣ್ಣ ಹಾಗೆಯೇ ಉಳಿಯುವುದನ್ನೂ ನೋಡಬೇಕು. ಇಲ್ಲದಿದ್ದರೆ ಪ್ರಯೋಗದಿಂದ ಏನನ್ನೂ ಹೇಳಲಾಗದು. ಏಕೆ?
3. ನಿಮ್ಮ ಊರಿನಲ್ಲಿ ವ್ಯರ್ಥವಾಗಿ ಕೊಳೆಯುವ ಅಥವಾ ಉರಿದುಹೋಗುವ ವಸ್ತುಗಳು ಯಾವುವು? ಪಟ್ಟಿ ಮಾಡಿ ತರಗತಿಯಲ್ಲಿ ಚರ್ಚಿಸಿ.